ಮೊದಲ ಸಾಲಿನ ಎರಡು ಟಿಕೆಟ್

"ನೋಡಿ ಸಾರ್, ಮೊದಲ ಸಾಲಿಗೆ ಗಾಲಿಕುರ್ಚಿ ಹೋಗಲ್ಲ," ಎಂದು ಸಭಾಂಗಣದ ಮ್ಯಾನೇಜರು ಮೂರನೇ ಸಲ ಹೇಳಿದ. ಹೇಳಿದ್ದು ಕುರ್ಚಿಯಲ್ಲಿ ಕೂತ ಹೆಂಗಸಿಗಲ್ಲ, ಅದನ್ನು ತಳ್ಳಿಕೊಂಡು ಬಂದ ಗಂಡನಿಗೆ.

ಗಂಡ ಮುಗುಳ್ನಕ್ಕ.

"ನನ್ನ ಹತ್ರ ಮಾತಾಡಿ," ಎಂದಳು ಹೆಂಗಸು.

ವಾದ್ಯಗೋಷ್ಠಿಗೆ ಇನ್ನು ಇಪ್ಪತ್ತೇ ನಿಮಿಷ. ಬಾಗಿಲಲ್ಲಿ ಜನ ಸಾಲುಗಟ್ಟಿದ್ದರು. ಮ್ಯಾನೇಜರಿಗೆ ತಲೆ ಚಿಟ್ಟು ಹಿಡಿಯಿತು. ತಾನೇನು ಕಟುಕನೇ? ಹಿಂದಿನ ಗೋಡೆಯ ಪಕ್ಕ ಮೆತ್ತನೆ ಕಾರ್ಪೆಟ್ ಹಾಸಿ, ಗಾಲಿಕುರ್ಚಿಗೆಂದೇ ಜಾಗ ಬಿಡಿಸಿದ್ದ. ಅಲ್ಲಿ ಕೂರಲು ಇವಳಿಗೇನು ಧಾಡಿ?

"ಕಾರ್ಪೆಟ್ ಬೇಡ. ಮೊದಲ ಸಾಲು, ದೊಡ್ಡ ನಗಾರಿ ಎದುರಿಗೆ. ಟಿಕೆಟ್ ಅಲ್ಲಿಗೇ ಇರೋದು."

"ಐದು ಮೆಟ್ಟಿಲು ಇಳೀಬೇಕಮ್ಮ. ಸಂಗೀತ ಎಲ್ಲಿ ಕೂತರೂ ಒಂದೇ ಅಲ್ವಾ?"

"ಅಲ್ಲ."

ಮ್ಯಾನೇಜರು ಮತ್ತೆ ಗಂಡನ ಕಡೆ ತಿರುಗಿದ. "ಸಾರ್, ನೀವಾದರೂ ಹೇಳಿ. ಬೇಕಾದರೆ ನೀವೊಬ್ಬರೇ ಮುಂದೆ ಕೂತ್ಕೊಳ್ಳಿ. ಇವರನ್ನ ನಾವು ನೋಡ್ಕೋತೀವಿ."

ಗಂಡ ಹೆಂಡತಿಯ ಮುಖ ನೋಡಿದ. ಅವಳು ಬೆರಳಾಡಿಸಿದಳು. ಅವನು ತಲೆಯಾಡಿಸಿದ. ಅಮ್ಮಾವ್ರ ಗಂಡ, ಎಂದುಕೊಂಡ ಮ್ಯಾನೇಜರು.

"ಜೊತೆಗೆ ಬಂದಿದೀವಿ, ಜೊತೆಗೇ ಕೂರ್ತೀವಿ," ಎಂದಳು ಅವಳು. "ಒಳಗಿರೋ ಪಿಯಾನೊ ಹೇಗೆ ಬಂತು?"

"ಅದಾ? ಇಳಿಜಾರು ಹಲಗೆ ಹಾಕಿ ತಳ್ಳಿದ್ವಿ."

"ನಾನು ಅದಕ್ಕಿಂತ ಭಾರ ಇದೀನಾ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಗಾಲಿಯ ಬ್ರೇಕ್ ಎಳೆದು, ಬಾಗಿಲ ನಟ್ಟನಡುವೆ ಕೈಕಟ್ಟಿ ಕೂತಳು. "ಹಲಗೆ ತರಿಸಿ. ಅಲ್ಲೀವರೆಗೆ ಒಂದು ಇಂಚೂ ಕದಲಲ್ಲ."

ಬೇರೆ ದಾರಿಯಿರಲಿಲ್ಲ. ಹಲಗೆ ಬಂತು. ಇಬ್ಬರು ಕೆಲಸಗಾರರು ಹಿಡಿದುಕೊಂಡರು. ಕುರ್ಚಿ ಸರಾಗವಾಗಿ ಇಳಿದು ಮೊದಲ ಸಾಲಿನ ಮರದ ನೆಲದ ಮೇಲೆ ನಿಂತಿತು. ಗಂಡ ಪಕ್ಕದಲ್ಲಿ ಕೂತವನೇ ಬೂಟು, ಕಾಲುಚೀಲ ಕಳಚಿ ಬರಿಗಾಲು ಊರಿದ. ಇಂಥ ಸಭಾಂಗಣದಲ್ಲಿ ಬರಿಗಾಲು! ಮ್ಯಾನೇಜರು ಹಲ್ಲುಕಚ್ಚಿ, ಅವನತ್ತ ಬಗ್ಗಿ ಪಿಸುಗುಟ್ಟಿದ:

"ನಿಮ್ಮ ತಾಳ್ಮೆ ದೊಡ್ಡದು ಸಾರ್. ಹೆಂಡತಿಯ ಸಂಗೀತದ ಹುಚ್ಚಿಗೆ ಏನೆಲ್ಲಾ ಸಹಿಸ್ತೀರಿ!"

ವೇದಿಕೆಯಲ್ಲಿ ನಗಾರಿ ಗುಡುಗಿತು. ನೆಲ ಅದುರಿತು. ಗಂಡ ಕಣ್ಣು ಮುಚ್ಚಿದ, ಮುಖವೆಲ್ಲ ಬೆಳಕಾಯಿತು.

"ನನಗೆಲ್ಲಿಯ ಹುಚ್ಚು? ನಾನು ಎರಡನೇ ಹಾಡಿಗೇ ತೂಕಡಿಸ್ತೀನಿ," ಎಂದಳು ಅವಳು. "ಟಿಕೆಟ್ ತಗೊಂಡಿದ್ದು ಇವರು. ಇವರಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸಲ್ಲ."