ತೊಳೆದ ಕಸ

ಕಸದ ಗಾಡಿಯ ಗಂಟೆ ಕೇಳುತ್ತಲೇ ಖಾನಾವಳಿಯ ನೀಲಗಂಗಮ್ಮ ಬುಟ್ಟಿ ಹಿಡಿದು ಬಾಗಿಲಿಗೆ ಬಂದಳು. ಊರಿಗೆ ರೋಗ ಕಾಲಿಟ್ಟರೆ ಮೊದಲು ತಿಳಿಯುವುದು ಗಾಡಿಯ ದುರ್ಗವ್ವನಿಗೆ. ಹಸಿ ಕಸ ಮೂಸಿ ಅವಳು ಹಸಿರು ಬಾವುಟ ಏರಿಸಿದರೆ ಸಂತೆ, ಕೆಂಪು ಏರಿಸಿದರೆ ಊರೇ ಬಂದ್. ಪುರಸಭೆ ಈ ಕಾಯ್ದೆ ತಂದ ಮೇಲೆ ದವಾಖಾನೆಯ ಅರ್ಧ ಮಂಚಗಳು ಖಾಲಿ ಬಿದ್ದಿದ್ದವು.

ನೀಲಗಂಗಮ್ಮನ ಮಗಳಿಗೆ ನಿನ್ನೆಯಿಂದ ವಾಂತಿ, ಭೇದಿ. ತನ್ನ ಮನೆಯಿಂದ ಸಂತೆ ನಿಂತಿತೆಂಬ ಮಾತು ಬರಬಾರದೆಂದು ಅವಳು ಸಿಪ್ಪೆ, ಸೊಪ್ಪಿನ ದಂಟನ್ನೆಲ್ಲ ಮೂರು ಸಲ ತೊಳೆದಿದ್ದಳು.

ದುರ್ಗವ್ವ ಬುಟ್ಟಿಗೆ ಬಗ್ಗಿದಳು. "ಯಾಕವ್ವಾ, ಕಸಾ ತೊಳದು ತಂದೀಯಲ್ಲ? ಮನ್ಯಾಗ ಯಾರಿಗೆ ಆರಾಮಿಲ್ಲ?"

ನೀಲಗಂಗಮ್ಮನ ಕಣ್ಣು ತುಂಬಿತು. "ಮಗಳಿಗ್ರೀ. ಸಂತಿ ನಿಲ್ಲಸಬ್ಯಾಡ್ರೀ ಯವ್ವಾ."

ದುರ್ಗವ್ವ ಮತ್ತೆ ನಿಧಾನವಾಗಿ ಮೂಸಿದಳು. "ರೋಗ ನಿನ್ನ ಕಸದಾಗಿಲ್ಲ ತಂಗಿ, ತೊಳದ ನೀರಿನಾಗ ಐತಿ. ಈ ಓಣಿ ನಳಕ್ಕ ಗಟಾರದ ನೀರು ಸೇರೇತಿ."

ನಿಂತ ನಿಲುವಿನಲ್ಲೇ ಅವಳು ಓಣಿಯ ನಳ ಬಂದ್ ಮಾಡಿಸಿದಳು, ಟ್ಯಾಂಕರ್ ಕರೆಸಿದಳು, ಹುಡುಗಿಯನ್ನು ದವಾಖಾನೆಗೆ ಕಳಿಸಿದಳು. ಆಮೇಲೆ ಹಸಿರು ಬಾವುಟ ಏರಿಸಿದಳು. ಸಂತೆ ಎಂದಿನಂತೆ ತುಂಬಿತು.

ಮೂರನೆಯ ದಿನ ಮಗಳು ಎದ್ದು ಕುಳಿತು ರೊಟ್ಟಿ ಕೇಳಿದಳು. ಮರುದಿನ ಬೆಳಿಗ್ಗೆ ಗಂಟೆ ಕೇಳುವ ಮೊದಲೇ ನೀಲಗಂಗಮ್ಮ ತೊಳೆಯದ ಕಸದ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಚಪ್ಪಲಿ ಬಿಟ್ಟು, ಬಾಗಿಲಲ್ಲಿ ನಿಂತಿದ್ದಳು.