ಅಣ್ಣ ಅಂಟಿಸಿದ ಸೀಸ

ಮರೆತ ಊಟದ ಡಬ್ಬಿಗೆಂದು ಗ್ಯಾರೇಜಿಗೆ ಮರಳಿದ ಅಣ್ಣ ಬಾಗಿಲಲ್ಲೇ ನಿಂತ. ಆಗಷ್ಟೇ ತಾನು ಬ್ಯಾಲೆನ್ಸ್ ಮಾಡಿಟ್ಟಿದ್ದ ಬೈಕಿನ ಚಕ್ರದಿಂದ ಸೀಸದ ತುಂಡುಗಳನ್ನು ಅವನ ತಮ್ಮ ಕೀಳುತ್ತಿದ್ದ. ಪಕ್ಕದಲ್ಲಿ ಬ್ಯಾಲೆನ್ಸ್ ಮಾಡುವ ಹೊಸ ಯಂತ್ರ ಗುಂಯ್‌ಗುಡುತ್ತಿತ್ತು.

ಅಣ್ಣನದು ಕೈವಿದ್ಯೆ. ಚಕ್ರವನ್ನು ಸರಳಿಗೇರಿಸಿ ತಿರುಗಿಸುವುದು, ಭಾರದ ಬದಿ ಕೆಳಗೆ ಬಂದು ನಿಂತರೆ ಎದುರು ಬದಿಗೆ ಸೀಸ ಅಂಟಿಸುವುದು. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲವೆಂದುಕೊಂಡಿದ್ದ.

"ಎಷ್ಟು ದಿನದಿಂದ ನಡೀತಿದೆ ಇದು?"

ತಮ್ಮ ತಲೆ ಎತ್ತಲಿಲ್ಲ. "ನಿನ್ನ ಕಣ್ಣು ಮಂಜಾದಾಗಿಂದ. ಬೈಕು ನಡುಗುತ್ತೆ ಅಂತ ಗಿರಾಕಿಗಳು ವಾಪಸ್ ಬರ್ತಿದ್ರು. ನಿಂಗೆ ಹೇಳೋಕೆ ಬಾಯಿ ಬರಲಿಲ್ಲ ಅಣ್ಣಾ."

"ಅದಕ್ಕೆ ದಿನಾ ನಾನು ಮಾಡಿದ್ದನ್ನ ಮತ್ತೆ ನೀನು ಮಾಡೋದಾ, ಕಳ್ಳನ ಹಾಗೆ?"

ಅಣ್ಣ ಸ್ಟೂಲು ಎಳೆದು ಕುಳಿತ. ಇನ್ನೊಂದು ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು, ತಾನೇ ಅಂಟಿಸಿದ್ದ ಸೀಸವನ್ನು ಉಗುರಿನಿಂದ ಬಿಡಿಸತೊಡಗಿದ.