ಚಕ್ಕುಬಂದಿ

"ಶಿವರಾಮು ಅನ್ನೋನು ಯಾರ್ಲಾ? ಫೈನಲ್ ಬಿ.ಎ.?"

ಪುರಸಭೆಯ ಕರಿಬಸವಯ್ಯ ಕಾಲೇಜಿನ ವರಾಂಡದಲ್ಲಿ ನಿಂತು ಪಟ್ಟಿ ನೋಡಿ ಕೂಗಿದ. ಪರೀಕ್ಷೆಗೆ ಓದಲೆಂದು ರಜೆ ಬಿಟ್ಟಿದ್ದರಿಂದ ಅಲ್ಲಿ ಇದ್ದವನು ಒಬ್ಬನೇ, ಶಿವರಾಮು. ಅವನು ನೋಟೀಸ್ ಬೋರ್ಡಿನಿಂದ ತಿರುಗಿ, "ಅವನು ಬಂದಿಲ್ಲ ಸಾರ್. ನಾನು ಪುಟ್ಟರಾಜು, ಅವನ ಫ್ರೆಂಡು. ಬನ್ನಿ, ಮನೆ ತೋರುಸ್ತೀನಿ" ಎಂದ.

ಕರಿಬಸವಯ್ಯ ಅವನ ಕೈ ನೋಡಿ ನಕ್ಕ. "ಇದೇನ್ಲಾ ಬೆರಳೆಲ್ಲ ಹಳದಿ? ಮದ್ವೆ ಗಂಡು ಎದ್ಬಂದಂಗೆ ಬಂದಿದ್ದೀಯಲ್ಲ!"

ಚಾಮರಾಜನಗರ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸ ಜಿಲ್ಲೆಗೆ ಹೊಸ ನಿಯಮ. ವಿದ್ಯಾರ್ಥಿಗಳು ಊರಲ್ಲಿ ಎಲ್ಲೆಲ್ಲಿ ವಾಸವಿದ್ದಾರೆಂದು ಕಾಲೇಜು ಪುರಸಭೆಗೆ ಬರೆದುಕೊಡಬೇಕು. ಪುರಸಭೆಯವರು ಮನೆಗೇ ಹೋಗಿ ನೋಡಿ ಹುಡುಗನ ರುಜು ತರಬೇಕು. ರುಜು ಇಲ್ಲದವನಿಗೆ ಹಾಲ್ ಟಿಕೆಟ್ ಇಲ್ಲ. ಹಂಗಳದ ಶಿವರಾಮು ಎರಡು ವರ್ಷದಿಂದ ಶಾಂತಮಲ್ಲಪ್ಪನವರ ಅರಿಸಿನದ ಮಂಡಿಯಲ್ಲಿ ಮೂಟೆಗಳ ಮೇಲೆ ಮಲಗುತ್ತಿದ್ದ. ಯಾವ ಸೋಪು ಹಾಕಿ ತಿಕ್ಕಿದರೂ ಬೆರಳ ಹಳದಿ ಹೋಗುತ್ತಿರಲಿಲ್ಲ. "ನನ್ನ ಮಂಡಿ ಹೆಸರು ಪುರಸಭೆ ಕಾಗದದಲ್ಲಿ ಬಂತೋ, ನಿನ್ನ ಟ್ರಂಕು ಬೀದೀಲಿರುತ್ತೆ" ಎಂದು ಶಾಂತಮಲ್ಲಪ್ಪನವರು ಹೇಳಿಬಿಟ್ಟಿದ್ದರು.

ಅದಕ್ಕೇ ಅವನು ಫಾರಮ್ಮಿನಲ್ಲಿ ಇಲ್ಲದ ಮನೆಯೊಂದನ್ನು ಬರೆದಿದ್ದ. ಒಡತಿಯ ಹೆಸರು ಗುರುಮಲ್ಲಮ್ಮ ಎಂದು ಹಾಕಿದ. ಮನೆಯ ಚಕ್ಕುಬಂದಿ ಕೇಳಿದ್ದರು. ನಾಲ್ಕು ದಿಕ್ಕಿಗೂ ತೋಚಿದ್ದು ಗೀಚಿದ. ಪೂರ್ವಕ್ಕೆ ನಿಂತುಹೋದ ಗಾಣ, ಪಶ್ಚಿಮಕ್ಕೆ ಸಿಡಿಲು ಹೊಡೆದ ಬೇವು, ಉತ್ತರಕ್ಕೆ ಕಲ್ಲುಚಪ್ಪಡಿ ಮುಚ್ಚಿದ ಬಾವಿ, ದಕ್ಷಿಣಕ್ಕೆ ರಸ್ತೆ. ತಾನೇ ಶಿವರಾಮು ಅಂದರೆ ಬಾಗಿಲು ತೆರೆದು ತೋರಿಸಬೇಕಾಗುತ್ತಿತ್ತು. ಗೆಳೆಯನಾಗಿ ಬೀಗ ಹಾಕಿದ ಯಾವುದಾದರೂ ಮನೆ ತೋರಿಸಿ, ಇವತ್ತು ಊರಿಗೆ ಹೋಗಿದ್ದಾನೆ ಅಂದರೆ ಆಯಿತು. ರುಜುವನ್ನು ನಾಳೆ ಕರಿಬಸವಯ್ಯ ಇಲ್ಲದ ಹೊತ್ತಲ್ಲಿ ಆಫೀಸಿಗೆ ಹೋಗಿ ಹಾಕಬಹುದು.

ಗುಂಡ್ಲುಪೇಟೆ ರಸ್ತೆಯಲ್ಲಿ ಅಂಥದೊಂದು ಮನೆ ಸಿಕ್ಕಿತು. ಕರಿಬಸವಯ್ಯ ಬೀಗ ನೋಡಲಿಲ್ಲ, ಸುತ್ತ ನೋಡಿದ.

"ಇದಲ್ಲ ಕಣ್ಲಾ. ಎಲ್ಲೈತೆ ಗಾಣ? ಇಪ್ಪತ್ತು ವರ್ಸದಿಂದ ಈ ಊರ ಕಂದಾಯ ಎತ್ತಿವ್ನಿ. ನಂಗೇ ದಾರಿ ತಪ್ಪುಸ್ತೀಯಾ? ಬಾ."

ಅವನು ಪಕ್ಕದ ಓಣಿಗೆ ತಿರುಗಿದ. ಆ ಓಣಿಯನ್ನು ಶಿವರಾಮು ಎಂದೂ ಕಂಡಿರಲಿಲ್ಲ. ಮಧ್ಯಾಹ್ನದ ಎರಡು ಗಂಟೆ, ಒಂದು ನಾಯಿಯೂ ಇರಲಿಲ್ಲ. ಮೊದಲು ಗಾಣದ ಕಲ್ಲು ಕಂಡಿತು, ಒಳಗೆ ಎಕ್ಕದ ಗಿಡ ಬೆಳೆದಿತ್ತು. ಕರಿಬಸವಯ್ಯ ಪೆನ್ಸಿಲಿನಿಂದ ಗುರುತು ಹಾಕಿದ. ಮುಂದೆ ಒಂದು ಹಂಚಿನ ಮನೆ. ಅದರಾಚೆ ಬೇವಿನ ಮರ, ಅರ್ಧ ಸುಟ್ಟು ಕಪ್ಪಾಗಿತ್ತು. ಮತ್ತೊಂದು ಗುರುತು. ಹಿತ್ತಲಿಗೆ ಇಣುಕಿ, "ಬಾವಿನೂ ಅದೆ" ಎಂದ. ಶಿವರಾಮುವೂ ಇಣುಕಿದ, ಬಾವಿಯ ಮೇಲೆ ಕಲ್ಲುಚಪ್ಪಡಿ ಇತ್ತು.

ಜಗುಲಿಯಲ್ಲಿ ಒಬ್ಬ ಮುದುಕಿ ಮೊರದಲ್ಲಿ ಹುರುಳಿ ಕೇರುತ್ತಿದ್ದಳು.

"ಗುರುಮಲ್ಲಮ್ಮ ಅಂದ್ರೆ ನೀವೇನವ್ವ?"

"ನಾನೇ ಕಣಪ್ಪ."

"ಶಿವರಾಮು ಅಂತ ಕಾಲೇಜ್ ಹುಡ್ಗ ನಿಮ್ಮನೇಲಿ ಅವ್ನಾ?"

"ಅವ್ನೆ. ಎರಡು ವರ್ಸಾಯ್ತು. ಈಗಿನ್ನೂ ಉಂಡು ಮಲಗವ್ನೆ."

"ಎಬ್ಬಿಸ್ರವ್ವ, ಒಂದು ರುಜು ಬೇಕು."

"ರಾತ್ರಿಯೆಲ್ಲಾ ಓದಿ ಸಾಕಾಗವ್ನೆ, ಪಾಪ. ಕಾಗ್ದ ಇತ್ತ ಕೊಡು, ನಾನೇ ಹಾಕುಸ್ಕಂಡ್ ಬತ್ತೀನಿ." ಏಳುತ್ತಾ ಅವಳು ಶಿವರಾಮುವಿನತ್ತ ನೋಡಿದಳು. "ಇದ್ಯಾರಪ್ಪ?"

"ಅವನ ಫ್ರೆಂಡಂತೆ."

"ಅವುನ್ಗ್ಯಾವ ಫ್ರೆಂಡು? ಒಬ್ಬ್ರೂ ಬಂದಿದ್ದು ನಾ ಕಾಣೆ" ಎಂದು ಒಳಗೆ ಹೋದಳು.

ಒಳಗೆ ಮಂಚ ಕಿರುಗುಟ್ಟಿತು. ಯಾರೋ ಗಂಡಸು ಕೆಮ್ಮಿದ. ಕಾಗದ ಹೊರಗೆ ಬಂತು. ಶಿವರಾಮು ಬಗ್ಗಿ ನೋಡಿದ. ಅವನದೇ ರುಜು. ಕೆಳಗೆ ಎಳೆದ ಗೆರೆ, ಗೆರೆಯ ಕೆಳಗಿನ ಎರಡು ಚುಕ್ಕಿ, ಎಲ್ಲ ಅವನವೇ. ಕಾಗದದ ಅಂಚಿನಲ್ಲಿ ಹೆಬ್ಬೆರಳಿನ ಹಳದಿ ಗುರುತು ಇನ್ನೂ ಹಸಿಯಾಗಿತ್ತು.

ಕರಿಬಸವಯ್ಯ ಅದನ್ನು ಮಡಿಸಿ ಜೇಬಿಗಿಟ್ಟ. ಬೀದಿಗೆ ಇಳಿದವನು ನಿಂತು ಪಟ್ಟಿ ತಿರುವಿದ.

"ನಿನ್ನೆಸ್ರು ಏನಂದೆ? ಪುಟ್ಟರಾಜು. ನನ್ ಪಟ್ಟೀಲಿ ಆ ಹೆಸ್ರೇ ಇಲ್ವಲ್ಲೋ."

"ನಾನೇ ಶಿವರಾಮು, ಸಾರ್."

"ಬುಡು ಬುಡು. ಶಿವರಾಮು ಒಳಗವ್ನೆ, ರುಜು ಹಾಕವ್ನೆ, ನಾಳೆ ಬಂದು ಹಾಲ್ ಟಿಕೆಟ್ ಈಸ್ಕತಾನೆ." ಅವನು ಕಿವಿಯಿಂದ ಪೆನ್ಸಿಲ್ ತೆಗೆದ. "ನೀನು ಯಾರ ಪೈಕಿ, ಎಲ್ಲಿರದು, ಅದೇಳು."

"ಆಣೆ ಮಾಡಿ ಹೇಳ್ತೀನಿ ಸಾರ್. ಮಂಡೀಲಿ ಮಲಗೋನು ನಾನು. ಬೇಕಾದ್ರೆ ಈ ಕೈ ನೋಡಿ."

ಶಿವರಾಮು ಎರಡೂ ಕೈ ಚಾಚಿದ. ಹಿಂದೆ ಮುದುಕಿ ಬಾಗಿಲ ಅಗುಳಿ ಹಾಕಿಕೊಂಡ ಸದ್ದಾಯಿತು. ಬಿಸಿಲಲ್ಲಿ ಅವನ ಹತ್ತು ಬೆರಳೂ ಚೊಕ್ಕವಾಗಿದ್ದವು. ಉಗುರ ಸಂದಿಯಲ್ಲೂ ಹಳದಿ ಇರಲಿಲ್ಲ.